ಮೂವತ್ತು ರೂಪಾಯಿಯ ಊಟ, ಕೊರೋನಾ ಕಾಲದ ಮಾರ್ಕು: ನಮ್ಮ ಪಂಚಾಯತಿನ ಜನಕೀಯ ಹೋಟೆಲ್

ಇದು ಹೋಟೆಲಿನ ವಿಮರ್ಶೆಯೇ. ಆದರೆ ಸ್ವಲ್ಪ ಹೊತ್ತಿಗೆ ಊಟ ಬಿಟ್ಟು ಬೇರೆ ಕಡೆಗೆ ಹೋಗುತ್ತೇನೆ. ಹಾಗಾಗಿ ಹೊಟ್ಟೆ ಹಸಿದು ಓದುವವರಿಗೆ ಬೇಕಾದ್ದನ್ನು ಮೊದಲೇ ಹೇಳಿ ಮುಗಿಸುತ್ತೇನೆ.

ಜಾಗ ಕಾಸರಗೋಡು ಜಿಲ್ಲೆ, ಬದಿಯಡ್ಕ, ಪೆರ್ಲ ಆಸುಪಾಸಿನ ಒಂದು ಪಂಚಾಯತು. ಹೋಟೆಲಿನ ಗುರುತು ಇದಕ್ಕಿಂತ ಜಾಸ್ತಿ ಹೇಳುವುದಿಲ್ಲ. ಬೈಯುವ ವಿಷಯವೂ ಸ್ವಲ್ಪ ಉಂಟು, ನಡೆಸುವ ಅಕ್ಕಂದಿರ ಮುಖ ನಾನು ದಿನಾ ನೋಡಬೇಕು ಮಾರಾಯ್ರೆ. ಕುಟುಂಬಶ್ರೀಯವರು, ಅಂದರೆ ಕೇರಳದ ಹೆಂಗಸರ ಸ್ವಸಹಾಯ ಗುಂಪಿನವರು, ನಡೆಸುವ ಕಡಿಮೆ ದರದ ಜನಕೀಯ ಹೋಟೆಲ್ ಅಂದರೆ ಇಲ್ಲಿನವರಿಗೆ ಗೊತ್ತಾಗುತ್ತದೆ. ಶೀಟು ಹಾಕಿದ ಕಟ್ಟಡ, ಆರು ಮೇಜು, ಕೈ ತೊಳೆಯಲು ಒಂದೇ ನಲ್ಲಿ. ಕುಚ್ಚಿಲಕ್ಕಿ ಅನ್ನ, ಸಾಂಬಾರು, ಒಂದು ಪಲ್ಯ, ಉಪ್ಪಿನಕಾಯಿ, ಮಜ್ಜಿಗೆ. ಮೊದಲು 20 ರೂಪಾಯಿ ಇತ್ತು, ಈಗ 30. ಮೀನು ಬೇಕಾದರೆ ಬೇರೆ ದುಡ್ಡು. ಬಂಗುಡೆ ಫ್ರೈ ಚೆನ್ನಾಗಿದೆ, ಬೂತಾಯಿ ಅದಕ್ಕಿಂತ ಚೆನ್ನಾಗಿದೆ. ಸಾಂಬಾರು ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಇರುವುದಿಲ್ಲ, ಯಾರು ಒಗ್ಗರಣೆ ಹಾಕಿದ್ದಾರೆ ಅಂತ ಮೊದಲ ತುತ್ತಿಗೇ ಹೇಳಬಹುದು. ಗುಜ್ಜೆ (ಎಳೆ ಹಲಸು) ಪಲ್ಯ ಮಾಡಿದ ದಿನ ತಪ್ಪಿಸಿಕೊಳ್ಳಬೇಡಿ. ಬೆಳ್ತಿಗೆ (ಬಿಳಿ ಅಕ್ಕಿ) ಅನ್ನ ಕೇಳಿದರೆ ಇಲ್ಲ ಅನ್ನುತ್ತಾರೆ, ಕೇಳಲೂ ಬೇಡಿ. ಊಟಕ್ಕೆ ಐದರಲ್ಲಿ ಮೂರೂವರೆ.

ಈಗ ನಿಜವಾದ ವಿಷಯ. ಈ ಹೋಟೆಲಿಗೆ ನಾನು ಐದಕ್ಕೆ ಐದು ಕೊಡುವುದು ಊಟಕ್ಕಲ್ಲ. 2020ರಲ್ಲಿ ಇದೇ ಅಡುಗೆಮನೆ ನಮ್ಮ ಊರಿನ ತಲೆ ಕೆಡದ ಹಾಗೆ ನೋಡಿಕೊಂಡಿತು. ಹೀಗೆ ಅಂದರೆ ಅಕ್ಕಂದಿರು ನಗುತ್ತಾರೆ. "ನಾವು ಅನ್ನ ಬೇಯಿಸಿದ್ದು, ಅಷ್ಟೇ" ಅನ್ನುತ್ತಾರೆ. ಆಗ ಪಂಚಾಯತಿನಿಂದ ಪಾಸು ತೆಗೆದುಕೊಂಡು ಸ್ಕೂಟರಿನಲ್ಲಿ ಪೊಟ್ಟಣ ಹಂಚಿದವರಲ್ಲಿ ನಾನೂ ಒಬ್ಬ. ಗೇಟಿನ ಆಚೆ ನಿಂತವರ ಮುಖ ನೋಡಿದ್ದೇನೆ. ಹಾಗಾಗಿ ಈ ಮಾರ್ಕು ಕೊಡುವ ಹಕ್ಕು ನನಗೆ ಉಂಟು ಅಂದುಕೊಂಡಿದ್ದೇನೆ.

ಆ ದಿನಗಳು ಹೇಗಿದ್ದವು ಅಂತ ಈಗ ಎಲ್ಲರೂ ಮರೆತ ಹಾಗೆ ಮಾಡುತ್ತಾರೆ. ಭಾರತದ ಮೊದಲ ಮೂರು ಕೊರೋನಾ ಕೇಸುಗಳೂ ಕೇರಳದಲ್ಲೇ, ಅದರಲ್ಲಿ ಮೂರನೆಯದು ನಮ್ಮ ಜಿಲ್ಲೆಯ ಕಾಞಂಗಾಡಿನಲ್ಲಿ, 2020ರ ಫೆಬ್ರವರಿ 3ಕ್ಕೆ. ವುಹಾನಿನಿಂದ ಬಂದ ವಿದ್ಯಾರ್ಥಿ, ಗುಣವೂ ಆಯಿತು, ನಾವು ಬಚಾವ್ ಅಂದುಕೊಂಡೆವು. ಮಾರ್ಚ್ ಮಧ್ಯದಲ್ಲಿ ದುಬೈ ಕಡೆಯಿಂದ ಬಂದವರಲ್ಲಿ ಸೋಂಕು ಕಾಣಿಸಿತು, ನೋಡನೋಡುತ್ತಾ ಕಾಸರಗೋಡು ದೇಶಕ್ಕೇ ಸುದ್ದಿಯಾಯಿತು. ನಮ್ಮ ಕಡೆ ಗಲ್ಫಿನಲ್ಲಿ ಯಾರೂ ಇಲ್ಲದ ಮನೆ ಹುಡುಕುವುದು ಕಷ್ಟ. ಹಾಗಾಗಿ ಹೆದರಿಕೆ ಹೊರಗಿನಿಂದ ಬರಲಿಲ್ಲ, ಅದು ಎಲ್ಲರ ಮನೆಯೊಳಗೇ ಇತ್ತು. ನಿನ್ನೆಯವರೆಗೆ ಚಾಕೊಲೇಟು, ಸೋಪು, ಸೆಂಟು ತರುತ್ತಾನೆ ಅಂತ ಕಾಯುತ್ತಿದ್ದ ಹುಡುಗ ಇವತ್ತು ಬಂದರೆ ಕಿಟಕಿ ಮುಚ್ಚುವುದು.

ಟಿವಿಯದ್ದು ಬೇರೆ ಕತೆ. ನಮ್ಮಂಥ ಗಡಿನಾಡ ಕನ್ನಡಿಗರಿಗೆ ಎರಡು ರಾಜ್ಯದ ಚಾನೆಲ್ಲೂ ಬರುತ್ತವೆ. ಒಂದು ಕಡೆ ಸಂಜೆ ಆರು ಗಂಟೆಗೆ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಕುಳಿತು ಇಂದಿಗೆ ಇಷ್ಟು ಜನ, ನಾಳೆ ಹೀಗೆ ಮಾಡುತ್ತೇವೆ ಅಂತ ಕಾಗದ ನೋಡಿ ಓದುತ್ತಿದ್ದರು. ರಾಜಕೀಯವಾಗಿ ಅವರನ್ನು ಕಂಡರಾಗದ ಮನೆಗಳಲ್ಲೂ ಆರು ಗಂಟೆಗೆ ಅದೇ ಹಾಕುತ್ತಿದ್ದರು, ಬೇಕಾದರೆ ಕೇಳಿ ನೋಡಿ. ಸುದ್ದಿ ಕೆಟ್ಟದೇ ಇರಬಹುದು, ಆದರೆ ಹೊತ್ತಿಗೆ ಸರಿಯಾಗಿ, ಒಬ್ಬರ ಬಾಯಿಂದ ಬಂತು ಅಂದರೆ ಉಳಿದ ಹೊತ್ತು ಮನಸ್ಸು ಸ್ವಲ್ಪ ಸುಮ್ಮನಿರುತ್ತದೆ. ಇನ್ನೊಂದು ಕಡೆ ಚಾನೆಲ್ ಬದಲಿಸಿದರೆ ಕಾಸರಗೋಡು ಅಂದ ಕೂಡಲೇ ಕೆಂಪು ಅಕ್ಷರ, ಡಂ ಡಂ ಸದ್ದು. ನಮ್ಮ ಭಾಷೆಯಲ್ಲೇ ನಮ್ಮನ್ನು ಬೇರೆಯವರ ಹಾಗೆ ತೋರಿಸುತ್ತಿದ್ದರು. ಹೆದರಿಕೆಗಿಂತ ಅದರ ಬೇಸರವೇ ಜಾಸ್ತಿ ಇತ್ತು.

ಆಮೇಲೆ ಮಂಗಳೂರಿಗೆ ಹೋಗುವ ದಾರಿಯ ಗಡಿ, ತಲಪಾಡಿ. ಮಾರ್ಚ್ ಕೊನೆಗೆ ಕರ್ನಾಟಕದವರು ಗಡಿ ಮುಚ್ಚಿದರು. ಹೆದ್ದಾರಿ ಮಾತ್ರ ಅಂದರೆ ಆಗುತ್ತಿತ್ತು, ಒಳದಾರಿಗಳಿಗೂ ಮಣ್ಣು ತಂದು ಸುರಿದರು. ಮಂಜೇಶ್ವರದಿಂದ ಪೆರ್ಲದವರೆಗೆ ನಮ್ಮ ಜನರಿಗೆ ದೊಡ್ಡ ಆಸ್ಪತ್ರೆ ಅಂದರೆ ಮಂಗಳೂರು. ಹೆರಿಗೆ, ಡಯಾಲಿಸಿಸ್, ಹಾರ್ಟು, ಎಲ್ಲ ಅಲ್ಲೇ. ಆಂಬುಲೆನ್ಸ್ ಗಡಿಯಲ್ಲಿ ನಿಂತು ರೋಗಿಗಳು ತೀರಿಕೊಂಡ ಸುದ್ದಿಗಳು ಒಂದರ ಹಿಂದೆ ಒಂದು ಬಂದವು. ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟ್ ರೋಗಿಗಳಿಗೆ ದಾರಿ ತೆರೆಸಬೇಕು ಅಂತ ಆದೇಶ ಕೊಟ್ಟಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ಏಪ್ರಿಲ್ 7ಕ್ಕೆ ರೋಗಿಗಳನ್ನು ಬಿಡುವ ಬಗ್ಗೆ ಒಂದು ಒಪ್ಪಂದಕ್ಕೆ ಬಂದರು. ಆ ಹೊತ್ತಿಗೆ ಇಲ್ಲಿನ ಮನಸ್ಸುಗಳಿಗೆ ಆಗಬೇಕಾದ್ದು ಆಗಿತ್ತು. ಕೊರೋನಾ ಬಂದರೆ ಏನು ಅಂತ ಜನ ಕೇಳುತ್ತಿರಲಿಲ್ಲ. ರಾತ್ರಿ ಎದೆ ನೋವು ಬಂದರೆ ಎಲ್ಲಿಗೆ ಹೋಗುವುದು, ಅದನ್ನೇ ಕೇಳುತ್ತಿದ್ದರು. ಉಕ್ಕಿನಡ್ಕದಲ್ಲಿ ಅರ್ಧ ಆಗಿ ನಿಂತಿದ್ದ ಮೆಡಿಕಲ್ ಕಾಲೇಜಿನ ಕಟ್ಟಡವನ್ನು ಏಪ್ರಿಲ್ ಮೊದಲ ವಾರದಲ್ಲಿ ಕೊರೋನಾ ಆಸ್ಪತ್ರೆ ಮಾಡಿ, ತಿರುವನಂತಪುರದಿಂದ ಡಾಕ್ಟರು, ನರ್ಸುಗಳ ತಂಡವನ್ನು ಕಳಿಸಿದರು. ನಮ್ಮ ದಾರಿಯಲ್ಲೇ ಇರುವ ಕಟ್ಟಡ ಅದು. ಮೊದಲ ಎರಡು ದಿನ ಅದರ ಮುಂದಿನಿಂದ ಹೋಗಲು ಹೆದರಿದವರೇ ಆಮೇಲೆ ಸದ್ಯ ಒಂದು ಆಸ್ಪತ್ರೆ ಅಂತ ಆಯಿತಲ್ಲ ಅಂತ ಹೇಳತೊಡಗಿದರು.

ಇದರ ಮಧ್ಯೆ ಶುರುವಾದದ್ದು ಕಮ್ಯುನಿಟಿ ಕಿಚನ್. ಲಾಕ್‌ಡೌನ್ ಆದ ಕೆಲವೇ ದಿನದಲ್ಲಿ ಕೇರಳದಾದ್ಯಂತ ಸಾವಿರಕ್ಕೂ ಹೆಚ್ಚು ಅಡುಗೆಮನೆಗಳು ಎದ್ದವು. ಪಂಚಾಯತು ಜಾಗ ಕೊಡುವುದು, ಅಡುಗೆ ಕುಟುಂಬಶ್ರೀಯವರದ್ದು, ಹಂಚುವುದು ಸ್ವಯಂಸೇವಕರದ್ದು. ಕುಟುಂಬಶ್ರೀ 1998ರಿಂದ ಉಂಟು, ಪ್ರತಿ ವಾರ್ಡಿನಲ್ಲಿ ಅಯಲ್ಕೂಟಗಳು (ನೆರೆಕರೆಯ ಹೆಂಗಸರ ಗುಂಪುಗಳು) ವಾರಕ್ಕೊಮ್ಮೆ ಸೇರುತ್ತವೆ, ಯಾರ ಮನೆಯಲ್ಲಿ ಏನು ಅಂತ ಅವರಿಗೆ ಮೊದಲೇ ಗೊತ್ತು. ಹಾಗಾಗಿ ಪಟ್ಟಿ ಮಾಡಲು ಯಾರೂ ಹೊಸದಾಗಿ ಸರ್ವೆಗೆ ಹೋಗಬೇಕಾಗಲಿಲ್ಲ. ಆಶಾ ವರ್ಕರ್, ವಾರ್ಡ್ ಮೆಂಬರ್, ಸಿಡಿಎಸ್ (ಪಂಚಾಯತು ಮಟ್ಟದ ಕುಟುಂಬಶ್ರೀ ಸಂಘ) ಅಧ್ಯಕ್ಷೆ ಕುಳಿತು ಒಂದು ಸಂಜೆಯಲ್ಲಿ ಬರೆದರು. ಒಬ್ಬರೇ ಇರುವ ಮುದುಕರು, ಹಾಸಿಗೆ ಹಿಡಿದವರು, ಕ್ವಾರಂಟೈನ್ ಮನೆಗಳು, ಕೆಂಪುಕಲ್ಲಿನ ಕೋರೆಯಲ್ಲಿ ಸಿಕ್ಕಿಬಿದ್ದ ಕೆಲಸಗಾರರು.

ಪಟ್ಟಿಯಲ್ಲಿದ್ದ ಬಡವರಿಗೆ ಊಟ ಉಚಿತ. ಉಳಿದವರಿಗೆ 20 ರೂಪಾಯಿ, ಮನೆಗೆ ತಲುಪಿಸಿದರೆ 25. ಈ ಇಪ್ಪತ್ತೈದು ರೂಪಾಯಿಯ ಬಗ್ಗೆ ನನಗೆ ಹೇಳಲಿಕ್ಕೆ ತುಂಬ ಉಂಟು. ಆರಂಭದಲ್ಲಿ ಉಚಿತ ಅಂತ ಮಾತ್ರ ಸುದ್ದಿ ಹರಡಿತ್ತು. ಆಗ ಅಡಿಕೆ ತೋಟದ ಮಧ್ಯದ ದೊಡ್ಡ ಮನೆಯಲ್ಲಿ ಒಬ್ಬರೇ ಇದ್ದ ಅಮ್ಮ ಒಬ್ಬರು, ಮಕ್ಕಳೆಲ್ಲ ಬೆಂಗಳೂರಲ್ಲಿ, ನಮ್ಮನ್ನು ಗೇಟಿನಿಂದಲೇ ಕಳಿಸಿದರು. "ಧರ್ಮದ ಊಟ ಉಣ್ಣುವ ಗತಿ ನನಗೆ ಬರಲಿಲ್ಲ ಮಾಣಿ." ಅವರ ಮನೆಯಲ್ಲಿ ಅಕ್ಕಿ, ಬೇಳೆ ಎಲ್ಲ ಇತ್ತು. ಆದರೆ ಒಬ್ಬರಿಗೇ ಅಂತ ಒಲೆ ಹಚ್ಚುವ ಮನಸ್ಸಿರಲಿಲ್ಲ, ಎರಡು ಹೊತ್ತು ಬಿಸ್ಕೆಟು ತಿಂದು ಮಲಗುತ್ತಿದ್ದರು ಅಂತ ಆಮೇಲೆ ಗೊತ್ತಾಯಿತು. ದುಡ್ಡು ಕೊಟ್ಟು ತೆಗೆದುಕೊಳ್ಳಬಹುದು ಅಂತ ಸಿಡಿಎಸ್ ಅಧ್ಯಕ್ಷೆಯೇ ಫೋನ್ ಮಾಡಿ ಹೇಳಿದ ಮೇಲೆ ಮಾರನೇ ದಿನದಿಂದ ಅವರು ಗಿರಾಕಿ. ಗಿರಾಕಿ ಅಂದ ಮೇಲೆ ದೂರು ಹೇಳುವ ಅಧಿಕಾರವೂ ಬಂತಲ್ಲ. ಪಲ್ಯಕ್ಕೆ ಉಪ್ಪು ಜಾಸ್ತಿ, ಸಾಂಬಾರಿಗೆ ಕೊತ್ತಂಬರಿ ಹುರಿದದ್ದು ಸಾಲದು, ತೆಂಗಿನಕಾಯಿ ಹಾಕಲು ನಿಮಗೆ ಕೈ ಬರುವುದಿಲ್ಲವಾ. ನಾವು ಬಂದು ಅಡುಗೆಮನೆಯಲ್ಲಿ ಹೇಳುವುದು, ಅಲ್ಲಿಂದ ಉತ್ತರ ತೆಗೆದುಕೊಂಡು ಹೋಗುವುದು. ಒಂದು ವಾರದಲ್ಲಿ ಆ ಅಮ್ಮ ತಮ್ಮ ಹಿತ್ತಿಲಿನ ಬಸಳೆ ಕಟ್ಟು ಮಾಡಿ ಗೇಟಿಗೆ ನೇತುಹಾಕಿ ಇಟ್ಟಿರುತ್ತಿದ್ದರು. "ನಾಳೆ ಇದನ್ನು ಮಾಡಲಿ, ಬೆಳ್ಳುಳ್ಳಿ ಹಾಕಬಾರದು ಅಂತ ಹೇಳು."

ಅವರಿಗೆ ಖಿನ್ನತೆ ಇತ್ತಾ? ನಾನು ಡಾಕ್ಟ್ರಲ್ಲ. ಆದರೆ ನಾಳೆ ಅನ್ನುವ ಮಾತು ಆ ಮನೆಗೆ ವಾಪಸ್ ಬಂದದ್ದು ಬಸಳೆಯಿಂದ.

ಅಡುಗೆಮನೆಯ ಒಂದು ಕಟ್ಟುನಿಟ್ಟು ನನಗೆ ಬಹಳ ಹಿಡಿಸಿತ್ತು. ಪೊಟ್ಟಣ ಕೊಡುವಾಗ ಫೋಟೋ ತೆಗೆಯಬಾರದು. ಆಗ ಎಲ್ಲ ಕಡೆ ಒಂದು ಕಿಟ್ಟಿಗೆ ಹತ್ತು ಕೈ ಹಿಡಿದು ಫೋಟೋ ಹಾಕುವ ಕಾಲ, ನೆನಪಿದೆಯಾ? ಇಲ್ಲಿಯೂ ಒಬ್ಬ ಹುಡುಗ ಮೊದಲ ದಿನ ವಾಟ್ಸಾಪ್ ಸ್ಟೇಟಸ್ ಹಾಕಿದ. ಅಡುಗೆಯ ಅಕ್ಕ ಒಬ್ಬರು ಸೌಟು ಹಿಡಿದುಕೊಂಡೇ ಹೊರಗೆ ಬಂದು, "ನಿನ್ನ ಅಮ್ಮ ಕೈಯೊಡ್ಡಿ ನಿಂತ ಫೋಟೋ ಊರಿಡೀ ಹೋದರೆ ನಿನಗೆ ಆಗ್ತದಾ" ಅಂತ ಕೇಳಿದರು. ಅಲ್ಲಿಗೆ ಮುಗಿಯಿತು. ತಟ್ಟೆಗೆ ಬಿದ್ದ ಅನ್ನ ಗಂಟಲಲ್ಲಿ ಇಳಿಯಬೇಕಾದರೆ ಮರ್ಯಾದೆಯೂ ಬೇಕು ಅಂತ ಆ ಅಕ್ಕನಿಗೆ ಯಾರೂ ತರಬೇತಿ ಕೊಟ್ಟಿರಲಿಲ್ಲ.

ಕ್ವಾರಂಟೈನ್ ಮನೆಗಳದ್ದು ಕಷ್ಟದ ಕತೆ. ಸೋಂಕಿತರು ಎಲ್ಲೆಲ್ಲಿ ಹೋಗಿದ್ದರು ಅಂತ ರೂಟ್ ಮ್ಯಾಪ್ ಪ್ರಕಟ ಮಾಡುತ್ತಿದ್ದರು. ರೋಗ ಹಿಡಿಯಲು ಅದು ಬೇಕಿತ್ತು, ಒಪ್ಪುತ್ತೇನೆ. ಆದರೆ ಯಾವ ಅಂಗಡಿ, ಯಾವ ಮದುವೆ, ಯಾವ ಬಸ್ಸು ಅಂತ ಬಂದರೆ ಊರಿನವರಿಗೆ ಹೆಸರು ಹುಡುಕಲು ಹತ್ತು ನಿಮಿಷ ಸಾಕು. ಆಮೇಲೆ ವಾಟ್ಸಾಪಿನಲ್ಲಿ ಧ್ವನಿ ಸಂದೇಶಗಳು. ಅವನು ಬೇಕೆಂದೇ ಹರಡಿದ್ದು, ಇವನ ಮನೆಗೆ ಹಾಲು ಹಾಕಬೇಡಿ. ಗಂಟಲು ಕೆಟ್ಟದ್ದಕ್ಕಿಂತ ಇದನ್ನು ಕೇಳಿ ನಿದ್ದೆ ಕೆಟ್ಟವರು ಜಾಸ್ತಿ. ಒಂದು ಮನೆಯಲ್ಲಿ ಗಲ್ಫಿನಿಂದ ಬಂದ ಮಗ ಮಾಳಿಗೆಯ ಕೋಣೆಯಲ್ಲಿ, ಕೆಳಗೆ ತಾಯಿ. ಅವನಿಗೆ ಜ್ವರವೂ ಇಲ್ಲ, ಕೆಮ್ಮೂ ಇಲ್ಲ, ಆದರೆ ಊರಿಗೆ ರೋಗ ತಂದವನು ಅನ್ನುವ ಮಾತು ತಲೆಗೆ ಹೊಕ್ಕಿತ್ತು. ಊಟ ಬೇಡ ಅನ್ನುತ್ತಿದ್ದ. ಅಡುಗೆಮನೆಯಿಂದ ಪಟ್ಟಿ ಬರೆಯುವ ಅಕ್ಕ ದಿನಾ ಬೆಳಿಗ್ಗೆ ಫೋನ್ ಮಾಡುತ್ತಿದ್ದರು. ಸಮಾಧಾನದ ಮಾತು ಒಂದೂ ಇಲ್ಲ. "ಇವತ್ತು ಮುರುಂಗೆ ಸೊಪ್ಪು ಉಂಟು, ನಿನಗೆ ಒಂದು ಪೊಟ್ಟಣವಾ ಎರಡಾ, ಬೇಗ ಹೇಳು, ಅಕ್ಕಿ ಹಾಕಬೇಕು." ಅಷ್ಟೇ. ಅವನು ಈಗಲೂ ಊರಿಗೆ ಬಂದಾಗ ಈ ಹೋಟೆಲಿಗೇ ಬಂದು ಉಣ್ಣುತ್ತಾನೆ, ಮತ್ತು ಯಾಕೆ ಅಂತ ಯಾರಿಗೂ ಹೇಳುವುದಿಲ್ಲ.

ಪುಸ್ತಕದ ಮಾತನ್ನೂ ಒಂದಿಷ್ಟು ಹೇಳಬೇಕು. 2007ರಲ್ಲಿ ಸ್ಟೀವನ್ ಹಾಬ್‌ಫಾಲ್ ಎಂಬ ಮನಃಶಾಸ್ತ್ರಜ್ಞ ಮತ್ತು ಅವರ ಜೊತೆಗಾರರು ದೊಡ್ಡ ಅನಾಹುತಗಳ ಹೊತ್ತಿಗೆ ಜನರ ಮನಸ್ಸಿಗೆ ಏನು ಬೇಕು ಅಂತ ಸೇರಿ ಬರೆದರು. ಐದು ವಿಷಯ: ಸುರಕ್ಷಿತವಾಗಿದ್ದೇನೆ ಅನ್ನುವ ಭಾವನೆ, ಗಾಬರಿ ಇಳಿಯುವುದು, ನನ್ನಿಂದಲೂ ನಮ್ಮ ಊರಿನಿಂದಲೂ ಏನಾದರೂ ಆಗುತ್ತದೆ ಅನ್ನುವ ನಂಬಿಕೆ, ಜನರ ಜೊತೆಗಿನ ನಂಟು, ಭರವಸೆ. ಓದಿದಾಗ ನನಗೆ ಅನಿಸಿದ್ದು, ನಮ್ಮ ಕಡೆ ಮೊದಲನೆಯದ್ದರ ಬಗ್ಗೆ ಮಾತ್ರ ಎಲ್ಲರೂ ಮಾತಾಡಿದರು. ಮಾಸ್ಕು, ಸೋಪು, ಅಂತರ. ಮೂರನೆಯದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಮನೆಯಲ್ಲಿ ಕುಳಿತಿರಿ, ಏನೂ ಮಾಡಬೇಡಿ ಅಂದರೆ ದುಡಿದು ಬದುಕಿದವನ ಮನಸ್ಸು ಮೊದಲು ಕೆಡುತ್ತದೆ. ಅಡುಗೆಮನೆಗೆ ತರಕಾರಿ ಹೆಚ್ಚಲು, ಬಾಳೆಲೆ ಒರೆಸಲು, ಪೊಟ್ಟಣ ಕಟ್ಟಲು ಬಂದವರು ಬೇರೆಯವರಿಗಿಂತ ಧೈರ್ಯವಾಗಿದ್ದರು, ರೋಗದ ಅಪಾಯ ಅವರಿಗೇ ಜಾಸ್ತಿ ಇದ್ದರೂ. ಬಸ್ಸಿಲ್ಲದೆ ಕೆಲಸವಿಲ್ಲದೆ ಕುಳಿತಿದ್ದ ಒಬ್ಬ ಕಂಡಕ್ಟರ್ ಅಣ್ಣ ಮನೆ ಮನೆಯ ಹಲಸು ಕೊಯ್ದು ತರುವ ಜವಾಬ್ದಾರಿ ತೆಗೆದುಕೊಂಡರು. ಆ ವರ್ಷ ಏಪ್ರಿಲಿನಲ್ಲಿ ಹಲಸು ತಿಂದಷ್ಟು ನಾವು ಯಾವತ್ತೂ ತಿಂದಿಲ್ಲ.

ಹಾಗಂತ ಅಡುಗೆಮನೆ ಎಲ್ಲವನ್ನೂ ಸರಿಮಾಡಿತು ಅಂತ ನಾನು ಬರೆಯುವುದಿಲ್ಲ. ಕುಡಿತದ ವಿಷಯ ನೋಡಿ. ಮಾರ್ಚ್ ಕೊನೆಗೆ ಕೇರಳದಲ್ಲಿ ಮದ್ಯದಂಗಡಿ, ಬಾರು, ಕಳ್ಳುಗಡಂಗು ಎಲ್ಲ ಒಮ್ಮೆಗೇ ಮುಚ್ಚಿದವು. ವರ್ಷಗಟ್ಟಲೆ ದಿನಾ ಕುಡಿದವರಿಗೆ ಒಮ್ಮೆಗೇ ನಿಲ್ಲಿಸಿದರೆ ಕೈ ನಡುಗುವುದು, ಇಲ್ಲದ್ದು ಕಾಣುವುದು, ಫಿಟ್ಸ್ ಬರುವುದು, ಜೀವಕ್ಕೇ ಅಪಾಯ. ರಾಜ್ಯದಲ್ಲಿ ಆತ್ಮಹತ್ಯೆಗಳೂ ಆದವು. ಡಾಕ್ಟರ ಚೀಟಿ ಇದ್ದರೆ ಮದ್ಯ ಕೊಡಬಹುದು ಅಂತ ಸರಕಾರ ಹೊರಡಿಸಿದ ಆದೇಶಕ್ಕೆ ಡಾಕ್ಟರುಗಳೇ ವಿರೋಧ ಮಾಡಿದರು, ಏಪ್ರಿಲ್ 2ಕ್ಕೆ ಹೈಕೋರ್ಟ್ ತಡೆ ಕೊಟ್ಟಿತು. ಇಂಥವರಿಗೆ ಅನ್ನದ ಪೊಟ್ಟಣದಿಂದ ಏನೂ ಆಗುವುದಿಲ್ಲ, ಆಸ್ಪತ್ರೆಯೇ ಬೇಕು. ನಮ್ಮ ಆಶಾ ಅಕ್ಕ ಒಬ್ಬರನ್ನು ಗುರುತಿಸಿ ಕಳಿಸಿದರು. ಅವರ ಮನೆಯವರು ಮೊದಲು ಇದು ದೈವದ ಉಪದ್ರ ಅಂದುಕೊಂಡಿದ್ದರು.

ಸರಕಾರದ ಫೋನ್ ಕೌನ್ಸೆಲಿಂಗ್ ಕೂಡ ಇತ್ತು. ಆರೋಗ್ಯ ಇಲಾಖೆಯ 'ಒಟ್ಟಯ್ಕಲ್ಲ, ಒಪ್ಪಮುಂಡ್' (ಒಬ್ಬರೇ ಅಲ್ಲ, ಜೊತೆಗಿದ್ದೇವೆ) ಯೋಜನೆಯಲ್ಲಿ ಕ್ವಾರಂಟೈನಿನಲ್ಲಿ ಇದ್ದವರಿಗೆ ಕೌನ್ಸೆಲರುಗಳೇ ಫೋನ್ ಮಾಡಿ ವಿಚಾರಿಸುತ್ತಿದ್ದರು. ದಿಶಾ ಅನ್ನುವ 1056 ನಂಬರ್ ಹಗಲು ರಾತ್ರಿ ಇತ್ತು. ಮಕ್ಕಳಿಗೆ ಅಂತ ಪೋಲೀಸರು ಸ್ಟೂಡೆಂಟ್ ಪೋಲೀಸ್ ಕೆಡೆಟ್ ಮೂಲಕ 'ಚಿರಿ' (ನಗು) ಎಂಬ ಫೋನ್ ಸೇವೆ 2020ರ ಜುಲೈಯಲ್ಲಿ ಶುರುಮಾಡಿದರು. ನಿಮ್ಹಾನ್ಸ್‌ನ ಸಹಾಯವಾಣಿ ಬೇರೆ ಇತ್ತು. ಇವು ಒಳ್ಳೆಯ ಕೆಲಸ, ನಾವು ಕರೆಯುವ ಮೊದಲೇ ಅವರು ಕರೆಯುವುದು ಅಂತೂ ಬಹಳ ಒಳ್ಳೆಯ ಕ್ರಮ. ನನ್ನ ಮಾತು ಏನೆಂದರೆ, ಫೋನಿನಲ್ಲಿ "ನಿಮ್ಮ ಮನಸ್ಸಿಗೆ ಹೇಗನಿಸುತ್ತಿದೆ" ಅಂತ ಕೇಳಿದರೆ ನಮ್ಮ ಊರಿನ ಗಂಡಸು "ತೊಂದರೆ ಇಲ್ಲ" ಅಂತ ಹೇಳಿ ಇಟ್ಟುಬಿಡುತ್ತಾನೆ. ಅದೇ ಗಂಡಸು ಗೇಟಿನಲ್ಲಿ ಪೊಟ್ಟಣ ತೆಗೆದುಕೊಳ್ಳುವಾಗ ಎರಡು ನಿಮಿಷ ಜಾಸ್ತಿ ನಿಲ್ಲುತ್ತಾನೆ. ಮಳೆ ಬರಬಹುದಾ, ಅಡಿಕೆ ರೇಟು ಏನಂತೆ, ಬ್ಯಾಂಕಿನವರು ಕಂತು ಕೇಳಿದರೆ ಏನು ಮಾಡುವುದು. ಮೂರನೆಯದ್ದು ಬಾಯಿಗೆ ಬಂದದ್ದು ಮೊದಲಿನ ಎರಡು ಆದ ಮೇಲೆ. ಫೋನು ಬೇಕು, ಗೇಟೂ ಬೇಕು.

ಕೋರೆಯ ಕೆಲಸಗಾರರ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಬಾಗಲಕೋಟೆ ಕಡೆಯವರು ಕೆಲವರು, ಉಳಿದವರು ಬಂಗಾಳ, ಒಡಿಶಾದವರು. ಬಾಗಲಕೋಟೆಯವರಿಗೆ ಗಡಿ ಕಣ್ಣಿಗೆ ಕಾಣುವಷ್ಟು ಹತ್ತಿರ, ಆದರೆ ದಾಟುವ ಹಾಗಿಲ್ಲ. ನಮ್ಮ ಕುಚ್ಚಿಲಕ್ಕಿ ಅನ್ನ ಅವರಿಗೆ ಒಗ್ಗಲಿಲ್ಲ. "ಅಣ್ಣಾರ, ಇದು ಬೆಂದೈತೋ ಇಲ್ಲೋ" ಅಂತ ಒಬ್ಬ ಕೇಳಿದ್ದು ಅಡುಗೆಮನೆಯಲ್ಲಿ ದೊಡ್ಡ ಜೋಕಾಯಿತು. ಜೋಳದ ಹಿಟ್ಟು ಇಲ್ಲಿ ಎಲ್ಲಿ ಸಿಗುತ್ತದೆ? ಕೊನೆಗೆ ಗೋಧಿ ಹಿಟ್ಟು, ಎಣ್ಣೆ, ಬೇಳೆ ಕೊಟ್ಟು, ನಿಮ್ಮದು ನೀವೇ ಮಾಡಿಕೊಳ್ಳಿ ಅಂತ ಹೇಳಿದರು. ಅದರ ಮೇಲೆ ಶೆಡ್ಡಿನಲ್ಲಿ ಜಗಳ ಕಡಿಮೆಯಾಯಿತು. ರೊಟ್ಟಿ ತಟ್ಟುವುದು ಒಬ್ಬನ ಕೆಲಸ, ಸೌದೆ ಇನ್ನೊಬ್ಬನ ಕೆಲಸ, ಹೊತ್ತು ಹೋಗುತ್ತದಲ್ವಾ.

ನಮ್ಮ ಹಿರಿಯರಿಗೆ ಇಂಥ ಕಾಲ ಹೊಸತಲ್ಲ. ಸಿಡುಬು, ಕಾಲರಾ ಇದ್ದ ಕಾಲದಲ್ಲಿ ಊರವರೆಲ್ಲ ಸೇರಿ ಮಾರಿ ಕಳೆಯುತ್ತಿದ್ದರು, ರೋಗವನ್ನು ಊರಿನ ಗಡಿ ದಾಟಿಸಿ ಬಿಟ್ಟುಬರುವುದು. ಆಟಿ (ಆಷಾಢ) ತಿಂಗಳ ಜಡಿಮಳೆಯಲ್ಲಿ ಆಟಿ ಕಳೆಂಜ ಅನ್ನುವ ವೇಷಧಾರಿ ತಾಳೆಗರಿಯ ಕೊಡೆ ಹಿಡಿದು ಮನೆ ಮನೆಗೆ ಬರುವುದು, ಮನೆಯವರು ಅಕ್ಕಿ, ಅರಸಿನ, ಇದ್ದಿಲು ಕೊಡುವುದು, ಅವನು ಮನೆಯ ಮಾರಿ ತೆಗೆದುಕೊಂಡು ಹೋಗುವುದು. ತೆಂಕು ಕಡೆ ಮಲಯಾಳಿಗಳಲ್ಲಿ ಅದೇ ಹೊತ್ತಿನ ಕರ್ಕಟಕ ತಿಂಗಳಲ್ಲಿ ತೆಯ್ಯಗಳು (ದೈವದ ವೇಷಗಳು) ಹೀಗೇ ಬರುತ್ತವೆ. ಇದರಿಂದ ವೈರಸ್ ಸಾಯುವುದಿಲ್ಲ, ನನಗೂ ಗೊತ್ತು. ಆದರೆ ಊರೆಲ್ಲ ಹೆದರಿರುವಾಗ ಒಬ್ಬರು ಅಂಗಳಕ್ಕೆ ಬಂದು ಹೋಗುವ ಕ್ರಮ ಅದರಲ್ಲಿತ್ತು. 2020ರಲ್ಲಿ ಅದೂ ಇಲ್ಲ. ಯಕ್ಷಗಾನ ಮೇಳಗಳು ಮೇ ಕೊನೆಯ ಹೊತ್ತಿನ ಪತ್ತನಾಜೆಗೆ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಬೇಕಾದ್ದು, ಮಾರ್ಚಿನಲ್ಲೇ ಬಿಚ್ಚಿದವು. ಕೋಲ ನಿಂತಿತು, ಜಾತ್ರೆ ನಿಂತಿತು. ರಂಜಾನಿಗೆ ಮಸೀದಿ ಮುಚ್ಚಿತ್ತು, ರಾತ್ರಿಯ ತರಾವೀಹ್ ನಮಾಜು ಮನೆಯಲ್ಲೇ. ಆನ್‌ಲೈನ್ ತಾಳಮದ್ದಳೆ ಅಂತ ಶುರುವಾಯಿತು. ಕಲಾವಿದರಿಗೆ ನಾಲ್ಕು ಕಾಸು ಸಿಕ್ಕಿದ್ದರೆ ಸಂತೋಷ, ಆದರೆ ನನಗೆ ಹಿಡಿಸಲಿಲ್ಲ. ಅರ್ಥಗಾರಿಕೆಗೆ ಎದುರು ಕುಳಿತವನ ತಲೆಯಾಡಬೇಕು. ನೆಟ್‌ವರ್ಕ್ ಸಿಗದೆ ಕರ್ಣ ಬಾಯಿ ತೆರೆದು ನಿಂತಿದ್ದರೆ ಕೃಷ್ಣ ಏನು ಮಾಡುವುದು?

ಸಾವಿನ ಮನೆಗಳು ಎಲ್ಲಕ್ಕಿಂತ ಕಷ್ಟ. ಇಪ್ಪತ್ತು ಜನರಿಗಿಂತ ಜಾಸ್ತಿ ಸೇರುವಂತಿಲ್ಲ. ಕೊರೋನಾದಿಂದ ಸತ್ತರೆ ಮುಖ ನೋಡುವುದೂ ಕಷ್ಟ. ನಮ್ಮಲ್ಲಿ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಕರೆಯವರು ಗಂಜಿ ತರುವುದು ಕ್ರಮ. ನೆರೆಕರೆಯವರೇ ಬರಬಾರದು ಅಂದಾಗ ಗಂಜಿ ಯಾರು ತರುವುದು? ಅಡುಗೆಮನೆಯ ಅಕ್ಕಂದಿರು ಪಟ್ಟಿಯಲ್ಲಿ ಇಲ್ಲದ ಮನೆಗಳಿಗೂ ಗಂಜಿ, ಚಟ್ನಿ ಕಳಿಸಿದರು, ದುಡ್ಡು ಕೇಳಲಿಲ್ಲ, ಲೆಕ್ಕದಲ್ಲಿ ಬರೆಯಲೂ ಇಲ್ಲ. ಆಡಿಟಿನವರು ಓದುತ್ತಿದ್ದರೆ ಈ ಸಾಲು ಬಿಟ್ಟುಬಿಡಿ. ಬೊಜ್ಜ (ಉತ್ತರಕ್ರಿಯೆ) ಸರಿಯಾಗಿ ಆಗಲಿಲ್ಲ ಅನ್ನುವ ಕೊರಗು ಕೆಲವು ಮನೆಗಳಲ್ಲಿ ಇವತ್ತಿಗೂ ಉಂಟು, ಅದಕ್ಕೆ ಯಾವ ಗಂಜಿಯೂ ಸಾಲದು.

ಮತ್ತೆ, ಮಾಡುವವರು ದಣಿಯುತ್ತಾರೆ. ಇದನ್ನು ಯಾರೂ ಬರೆಯುವುದಿಲ್ಲ. 2021ರ ಮೇ ತಿಂಗಳಲ್ಲಿ ಎರಡನೇ ಅಲೆಗೆ ಕೇರಳ ಮತ್ತೆ ಮುಚ್ಚಿದಾಗ ಮೊದಲಿನ ಉಮೇದು ಇರಲಿಲ್ಲ. ಮೊದಲ ಸಲ ಸ್ವಯಂಸೇವಕರು ಸಾಲು ನಿಂತಿದ್ದರು, ಎರಡನೇ ಸಲ ಫೋನ್ ಮಾಡಿ ಕರೆಯಬೇಕಾಯಿತು. ಸಾವುಗಳೂ ಹತ್ತಿರ ಬಂದಿದ್ದವು. ಅಕ್ಕಂದಿರ ಮನೆಗಳಲ್ಲೇ ಕಾಯಿಲೆ, ಮಕ್ಕಳಿಗೆ ಮೊಬೈಲಿನಲ್ಲಿ ಪಾಠ, ಇರುವ ಒಂದು ಫೋನು ಅಡುಗೆಮನೆಯ ಪಟ್ಟಿಗೂ ಬೇಕು. ಒಬ್ಬರು ಹೊಗೆಯ ನೆಪ ಹೇಳಿ ಕಣ್ಣೊರೆಸಿಕೊಳ್ಳುತ್ತಿದ್ದರು, ಆ ಅಡುಗೆಮನೆಯಲ್ಲಿ ಗ್ಯಾಸ್ ಬಂದು ವರ್ಷವಾಗಿತ್ತು. ಊರಿನ ಮನಸ್ಸು ನೋಡಿಕೊಂಡವರನ್ನು ಕೇಳುವವರು ಯಾರೂ ಇರಲಿಲ್ಲ. ಮೊದಲ ವರ್ಷದಲ್ಲೇ ಜಗತ್ತಿನಲ್ಲಿ ಆತಂಕ ಮತ್ತು ಖಿನ್ನತೆ ಶೇಕಡಾ 25ರಷ್ಟು ಹೆಚ್ಚಿತು ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರ ಮಾರ್ಚಿನಲ್ಲಿ ಹೇಳಿತು, ಹೆಂಗಸರಿಗೆ ಮತ್ತು ಎಳೆಯರಿಗೆ ಪೆಟ್ಟು ಜಾಸ್ತಿ ಅಂತಲೂ ಹೇಳಿತು. ಓದಿದಾಗ ನನಗೆ ಮೊದಲು ನೆನಪಾದದ್ದು ಆ ಅಕ್ಕ.

ಹಾಗಾಗಿ ಸೇವೆಗೆ ಐದಕ್ಕೆ ಐದು ಕೊಟ್ಟರೂ, ಅವರನ್ನು ನಡೆಸಿಕೊಂಡ ರೀತಿಗೆ ಮಾರ್ಕು ಕೊಡುವುದಾದರೆ ಒಂದೂವರೆ. ಕಮ್ಯುನಿಟಿ ಕಿಚನ್ ಆಮೇಲೆ ಜನಕೀಯ ಹೋಟೆಲ್ ಆಯಿತು. ಒಂದು ಊಟಕ್ಕೆ 10 ರೂಪಾಯಿ ಸಬ್ಸಿಡಿ ಅಂತ ಇತ್ತು. ಅದು ಹೊತ್ತಿಗೆ ಸರಿಯಾಗಿ ಬರದೆ ರಾಜ್ಯದ ಹಲವು ಕಡೆ ಅಕ್ಕಂದಿರು ಸಾಲಕ್ಕೆ ಬಿದ್ದರು, 2023ರಲ್ಲಿ ಸಬ್ಸಿಡಿಯೇ ನಿಂತಿತು. ಕೆಲವು ಕಡೆ ಹೋಟೆಲುಗಳು ಬಾಗಿಲು ಹಾಕಿದವು. ನಮ್ಮದು ಉಳಿದಿದೆ, ಮೀನಿನ ದೆಸೆಯಿಂದ. ಚಪ್ಪಾಳೆ ತಟ್ಟಿ ದೀಪ ಹಚ್ಚಿದ್ದೆಲ್ಲ ಸರಿ, ತೆಂಗಿನಕಾಯಿಯ ಬಿಲ್ಲು ಯಾರು ಕೊಡುವುದು?

ಬೈಯುವ ಉಳಿದ ವಿಷಯ. ಒಂದೇ ನಲ್ಲಿ, ಅದಕ್ಕೂ ಬಕೆಟು ಇಡುತ್ತಾರೆ. ದಿನದ ಪಟ್ಟಿ ಮಲಯಾಳದಲ್ಲಿ ಮಾತ್ರ ಬರೆಯುತ್ತಾರೆ, ಕನ್ನಡದಲ್ಲೂ ಬರೆಯಿರಿ ಅಂತ ಹೇಳಿ ಹೇಳಿ ಸಾಕಾಯಿತು, ಬರೆಯುವ ಅಕ್ಕ ಓದಿದ್ದು ಕನ್ನಡ ಮೀಡಿಯಂ ಅನ್ನುವುದು ತಮಾಷೆ. ಅಡಿಕೆ ಕೊಯ್ಲಿನ ಕಾಲದಲ್ಲಿ ಜನ ಜಾಸ್ತಿ, ಆಗ ಅನ್ನ ಎರಡನೇ ಸಲ ಕೇಳಿದರೆ ಮುಖ ಸ್ವಲ್ಪ ದಪ್ಪ ಮಾಡುತ್ತಾರೆ. ಕೇಳಿ, ಕೊಡುತ್ತಾರೆ.

ಹೋಗುವವರು ಹನ್ನೆರಡೂವರೆಗೆ ಹೋಗಿ. ಒಂದೂಕಾಲಕ್ಕೆ ಬೂತಾಯಿ ಮುಗಿಯುತ್ತದೆ. ಆದಿತ್ಯವಾರ ರಜೆ. ಒಬ್ಬರೇ ಇರುವ ಹಿರಿಯರು ನಿಮ್ಮ ಆಸುಪಾಸಿನಲ್ಲಿ ಇದ್ದರೆ ಅವರಿಗೂ ಒಂದು ಪಾರ್ಸೆಲ್ ಹಿಡಿದುಕೊಳ್ಳಿ, ಆದರೆ ದುಡ್ಡು ಅವರ ಕೈಯಿಂದಲೇ ತೆಗೆದುಕೊಳ್ಳಿ. ಮನೆಯಲ್ಲಿ ಯಾರಿಗಾದರೂ ನಿದ್ದೆ ಇಲ್ಲ, ಊಟ ಬೇಡ, ಬದುಕೇ ಬೇಡ ಅನ್ನುವ ಮಾತು ಬಂದರೆ ಮಾತ್ರ ಹೋಟೆಲಿನ ವಿಮರ್ಶೆ ಓದುತ್ತಾ ಕೂರಬೇಡಿ. ಮನಸ್ಸಿನ ಆರೋಗ್ಯಕ್ಕೆ ಸರಕಾರದ ಸಹಾಯವಾಣಿ ಟೆಲಿ ಮನಸ್ ಅಂತ 14416 ನಂಬರ್ 2022ರ ಅಕ್ಟೋಬರಿನಿಂದ ಉಂಟು, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಪಾರ್ಸೆಲಿಗೆ ಡಬ್ಬ ನೀವೇ ತೆಗೆದುಕೊಂಡು ಹೋಗಿ, ಅವರ ಪ್ಲಾಸ್ಟಿಕ್ ಡಬ್ಬದ ಮುಚ್ಚಳ ಸರಿ ಕೂರುವುದಿಲ್ಲ, ಸಾಂಬಾರು ಸ್ಕೂಟರಿನ ಸೀಟಿನಡಿ ಚೆಲ್ಲುತ್ತದೆ.